ಪಡಸಾಲೆಯ ಗಿಣಿ ಎಲ್ಲಿಂದ ಬಂತು?

2023ರ ಅಕ್ಟೋಬರ್ ತಿಂಗಳು ನಿಮಗೆ ನೆನಪಿರಬಹುದು. ಟಿವಿ ಶೋ ಒಂದರಲ್ಲಿದ್ದ ಸ್ಪರ್ಧಿಯ ಕೊರಳಲ್ಲಿ ಹುಲಿ ಉಗುರಿನ ಲಾಕೆಟ್ ಕಂಡಿತು. ಅರಣ್ಯ ಇಲಾಖೆ ಅವರನ್ನು ಬಂಧಿಸಿತು. ಆಮೇಲೆ ಒಂದೆರಡು ವಾರ ರಾಜ್ಯದಲ್ಲಿ ಬೇರೆ ಮಾತೇ ಇರಲಿಲ್ಲ. ವಿಜಯಪುರದ ಚಹಾದ ಅಂಗಡಿಗಳ ಮುಂದೆ ಜನ ವನ್ಯಜೀವಿ ಕಾಯ್ದೆಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜನ ಕಾಲದ ಉಗುರು ಮನೆಯಲ್ಲಿ ಇದ್ದವರು ನಿಜಕ್ಕೂ ಹೆದರಿದ್ದರು.

ನಮ್ಮ ಓಣಿಯ ಹಿರಿಯರೊಬ್ಬರು ಪಡಸಾಲೆಯಲ್ಲಿ ಕೂತು ಈ ವಿಷಯವನ್ನು ಬಹಳ ಕಳಕಳಿಯಿಂದ ಹೇಳುತ್ತಿದ್ದರು. "ಕಾಡಿನ ಪ್ರಾಣಿ ಕಾಡಿನಾಗ ಇರಬೇಕ್ರಿ. ಮನಿಯಾಗ ತಂದಿಟ್ಕೊಂಡ್ರ ತಪ್ಪಲ್ಲೇನು?" ಅಂದರು. ಅವರು ಕೂತ ಕುರ್ಚಿಯ ಮೇಲೆ, ಜಂತಿಗೆ ಕಟ್ಟಿದ ಪಂಜರದಲ್ಲಿ ಒಂದು ಗಿಣಿ ಇತ್ತು. ಅವರು ಒಳ್ಳೆಯವರು. ಆ ಗಿಣಿಗೆ ದಿನಾ ತಾವೇ ಪೇರಲ ಹೆಚ್ಚಿ ಕೊಡುತ್ತಾರೆ. ಊರಿಗೆ ಹೋದರೆ ಫೋನ್ ಮಾಡಿ ಅದು ತಿಂತೋ ಇಲ್ಲವೋ ಕೇಳುತ್ತಾರೆ. ಆದರೆ ಅದೂ ಕಾಡಿನ ಜೀವ, ಹುಲಿಗಿರುವ ಕಾಯ್ದೆಯೇ ಅದಕ್ಕೂ ಇದೆ ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಗಿಣಿ ಅಷ್ಟೊಂದು ಮನೆಯ ಮಾತಾಗಿಬಿಟ್ಟಿದೆ. ಮಾವಿನಕಾಯಿಗೆ ಗಿಣಿಮೂತಿ ಅನ್ನುತ್ತೇವೆ. ಕಸೂತಿಯಲ್ಲಿ ಗಿಣಿ ಹೆಣೆಯುತ್ತೇವೆ. ಮುದ್ದಾಗಿ ಬೆಳೆಸಿದ ಮಗಳನ್ನು ಅರಗಿಣಿ ಹಾಗೆ ಸಾಕಿದೆ ಅನ್ನುತ್ತೇವೆ. ಸಾಕುವುದು ಅಂದರೆ ಗಿಣಿಯನ್ನೇ ಸಾಕುವುದು ಅನ್ನುವಷ್ಟು ಸಹಜವಾಗಿದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಅದು ಬೇಗ ಮುಗಿಯುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಣಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಈ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಬಲೆಗೆ ಕೆಡವುವುದು, ಜೀವಂತ ಹಿಡಿಯುವುದು, ಹಕ್ಕಿಯ ಗೂಡು ಮೊಟ್ಟೆಗೆ ಕೈ ಹಾಕುವುದು ಕೂಡ ಬೇಟೆಯೇ. 1990ರ ಹೊತ್ತಿಗೆ ದೇಶದ ಒಳಗೆ ಕಾಡುಹಕ್ಕಿಗಳ ವ್ಯಾಪಾರಕ್ಕೂ ಹೊರದೇಶಕ್ಕೆ ಕಳಿಸುವುದಕ್ಕೂ ತಡೆ ಬಿತ್ತು. ಅದಕ್ಕೂ ಮೊದಲು ಭಾರತ ಹಕ್ಕಿಗಳನ್ನು ಹೊರಗೆ ಕಳಿಸುವ ದೊಡ್ಡ ದೇಶಗಳಲ್ಲಿ ಒಂದಾಗಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ನಮ್ಮ ಸಾದಾ ಗಿಣಿ, ಅಂದರೆ ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿ ಇರುವುದು, ಕಾಯ್ದೆಯ ನಾಲ್ಕನೇ ಅನುಸೂಚಿಯಿಂದ, ಅಂದರೆ ಪ್ರಾಣಿಗಳ ಪಟ್ಟಿಯಿಂದ, ಎರಡನೆಯದಕ್ಕೆ ಬಂದಿದೆ. ತಪ್ಪಿಗೆ ಮೂರು ವರ್ಷದ ತನಕ ಸೆರೆ, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಗಾಯವಾದ ಗಿಣಿ ಸಿಕ್ಕಿತು ಅಂತ ಮನೆಗೆ ತಂದರೂ 48 ಗಂಟೆಯ ಒಳಗೆ ಪೊಲೀಸರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಮರಿ ಇದ್ದಾಗ ತಂದದ್ದು, ಈಗ ಮನೆಯವರೇ ಆಗಿಬಿಟ್ಟಿದೆ ಅನ್ನುವ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ.

ಕಾನೂನು ಇಷ್ಟು ಸ್ಪಷ್ಟವಾಗಿದೆ. ಆದರೂ ಐವತ್ತು ವರ್ಷದಿಂದ ಪಂಜರ ತೂಗುತ್ತಲೇ ಇದೆ. ಅಂದರೆ ಇದು ಕಾನೂನು ಗೊತ್ತಿಲ್ಲದ್ದರಿಂದ ಮಾತ್ರ ಆಗುತ್ತಿಲ್ಲ. ಗಿಣಿ ಸಾಕುವುದರಲ್ಲಿ ಏನೋ ತಪ್ಪಿದೆ ಅಂತ ನಮಗೆ ಅನ್ನಿಸುವುದೇ ಇಲ್ಲ. ಯಾಕೆ ಅನ್ನಿಸುವುದಿಲ್ಲ? ನಾವು ನೋಡುವುದು ಪಂಜರವನ್ನು ಮಾತ್ರ. ಗಿಣಿ ಅಲ್ಲಿಗೆ ಬಂದ ದಾರಿಯನ್ನು ನೋಡಿಲ್ಲ.

ಆ ದಾರಿಯ ಒಂದು ತುದಿಯಲ್ಲಿ ನಾನೇ ಇದ್ದೆ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಊರ ಹೊರಗೆ ದಾರಿ ಪಕ್ಕ ಒಂದು ದೊಡ್ಡ ಬೇವಿನ ಮರ ಇತ್ತು. ಅದರ ಕವಲಿನಲ್ಲಿ ಗಿಣಿಯ ಪೊಟರೆ. ನಮ್ಮ ಕಾಕಾ ಮತ್ತು ಅವನ ಗೆಳೆಯರು ಏಣಿ ಇಟ್ಟರು. ಪೊಟರೆಯ ಬಾಯಿ ಸಣ್ಣದು, ದೊಡ್ಡವರ ಕೈ ಹೋಗುತ್ತಿರಲಿಲ್ಲ. "ತಮ್ಮಾ, ನಿನ್ನ ಕೈ ಸಣ್ಣದದ, ನೀ ಹತ್ತು" ಅಂದರು. ನಾನು ಹೆಮ್ಮೆಯಿಂದ ಹತ್ತಿದೆ. ಒಳಗೆ ಬೆಚ್ಚಗಿತ್ತು. ಮೆತ್ತಗೆ ಏನೋ ಅಲುಗಾಡಿತು. ಅಷ್ಟರಲ್ಲಿ ತಾಯಿಗಿಣಿ ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಬಿಡಲೇ ಇಲ್ಲ. ಆ ಕಲೆ ಈಗಲೂ ಇದೆ. ನಾಲ್ಕು ಮರಿ ಸಿಕ್ಕವು. ಕಡಲೆಹಿಟ್ಟು ಕಲಸಿ ಕಡ್ಡಿಯಿಂದ ಬಾಯಿಗೆ ಇಟ್ಟೆವು. ಮೂರು ದಿನದಲ್ಲಿ ಎರಡು ಸತ್ತವು. ವಾರದ ಮೇಲೆ ಇನ್ನೊಂದು. ಉಳಿದ ಒಂದನ್ನು ಎಲ್ಲರೂ ನೋಡಲು ಬಂದರು, ಎಷ್ಟು ಚೆಂದ ಅಂದರು. ಸತ್ತ ಮೂರನ್ನು ನಾನೇ ತಿಪ್ಪೆಯ ಹತ್ತಿರ ಹೂತೆ. ಅವುಗಳ ಬಗ್ಗೆ ಯಾರೂ ಕೇಳಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಗಿಣಿ ವ್ಯಾಪಾರ ನಡೆಯುವುದೇ ಹೀಗೆ. ದೊಡ್ಡ ಗಿಣಿಯನ್ನು ಬಲೆಗೆ ಕೆಡವುವವರೂ ಇದ್ದಾರೆ. ಆಲ, ಅರಳಿ ಮರದ ಹಾಲಿನಿಂದ ಅಂಟು ಮಾಡಿ ಕೊಂಬೆಗೆ ಸವರುವವರೂ ಇದ್ದಾರೆ. ಆದರೆ ದೊಡ್ಡ ಗಿಣಿ ಪಳಗುವುದು ಕಷ್ಟ, ಮಾತು ಕಲಿಯುವುದು ಇನ್ನೂ ಕಷ್ಟ. ಅದಕ್ಕೇ ಕೊಳ್ಳುವವರು ಮರಿ ಕೇಳುತ್ತಾರೆ. ನಮ್ಮ ಕಡೆ ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ, ಫೆಬ್ರವರಿಯಿಂದ ಏಪ್ರಿಲ್ ತನಕ, ಪೊಟರೆಗಳಲ್ಲಿ ಮರಿ ಇರುತ್ತವೆ. ಒಂದು ಗೂಡಿಗೆ ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ. ಮೂರು ವಾರ ದಾಟುವ ಹೊತ್ತಿಗೆ ಮರಿ ಹೊರಬರುತ್ತದೆ. ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಪುಕ್ಕ ಇರುವುದಿಲ್ಲ. ಅದು ತಾನಾಗಿ ಗೂಡು ಬಿಡಲು ಏಳು ವಾರ ಬೇಕು. ಹಿಡಿಯುವವರು ಅಷ್ಟು ದಿನ ಕಾಯುವುದಿಲ್ಲ. ಮುಳ್ಳುಪುಕ್ಕ ಮೂಡುತ್ತಿದ್ದಂತೆ ಎತ್ತುತ್ತಾರೆ.

ಆ ವಯಸ್ಸಿನ ಮರಿಗೆ ತಾಯಿ ತನ್ನ ಹೊಟ್ಟೆಯಲ್ಲಿ ಅರೆ ಜೀರ್ಣವಾದ ಆಹಾರವನ್ನು ಕಕ್ಕಿ ಬಾಯಿಗೆ ಹಾಕುತ್ತದೆ. ಬೆಚ್ಚಗೆ, ತೆಳ್ಳಗೆ, ದಿನಕ್ಕೆ ಎಷ್ಟೋ ಸಲ. ಅದರ ಬದಲು ತಣ್ಣಗಿನ ಹಿಟ್ಟು ಬೀಳುತ್ತದೆ. ಹಿಟ್ಟು ಶ್ವಾಸನಾಳಕ್ಕೆ ಹೋದರೆ ಮರಿ ಸಾಯುತ್ತದೆ. ರಾತ್ರಿಯ ಚಳಿಗೂ ಸಾಯುತ್ತದೆ. ಚೀಲದಲ್ಲಿ, ಸಣ್ಣ ಬುಟ್ಟಿಯಲ್ಲಿ, ಬಸ್ಸಿನ ಸೀಟಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಹೋಗುವಾಗಲೂ ಸಾಯುತ್ತದೆ. ಹೀಗೆ ಸತ್ತವುಗಳನ್ನು ಲೆಕ್ಕ ಇಡುವವರಿಲ್ಲ. ಪಂಜರದಲ್ಲಿ ಕೂತ ಒಂದು ಗಿಣಿಯ ಹಿಂದೆ ಎಷ್ಟು ಮರಿ ಹೋಗಿವೆ ಅನ್ನುವುದನ್ನು ಮಾರುವವನೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಇನ್ನೊಂದು ಹಾನಿ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕೈ ಸಣ್ಣದಾಗಿತ್ತು, ಆದ್ದರಿಂದ ಪೊಟರೆ ಉಳಿಯಿತು. ಸಣ್ಣ ಕೈ ಸಿಗದಿದ್ದರೆ ಕೊಡಲಿಯಿಂದ ಬಾಯಿ ದೊಡ್ಡದು ಮಾಡುತ್ತಾರೆ, ಇಲ್ಲವೇ ಕೊಂಬೆಯನ್ನೇ ಕಡಿಯುತ್ತಾರೆ. ಬಾಯಿ ಅಗಲವಾದ ಪೊಟರೆಗೆ ಮಳೆ ನೀರು ಇಳಿಯುತ್ತದೆ, ಬೆಕ್ಕು, ಹಾವು, ಕಾಗೆ ಬರುತ್ತವೆ. ಮುಂದಿನ ವರ್ಷ ಅಲ್ಲಿ ಗಿಣಿ ಮೊಟ್ಟೆ ಇಡುವುದಿಲ್ಲ. ಗಿಣಿ ತಾನಾಗಿ ಗಟ್ಟಿ ಮರ ಕೊರೆಯುವ ಹಕ್ಕಿಯಲ್ಲ. ಮರಕುಟಿಗ ಕೊರೆದು ಬಿಟ್ಟ ತೂತನ್ನೋ, ಕೊಂಬೆ ಮುರಿದು ಕೊಳೆತ ಜಾಗವನ್ನೋ, ಹಳೆಯ ಗೋಡೆಯ ಬಿರುಕನ್ನೋ ಹುಡುಕುತ್ತದೆ. ಅದೇ ತೂತಿಗೆ ಗೊರವಂಕ, ಸಣ್ಣ ಗೂಬೆ ಎಲ್ಲ ಪೈಪೋಟಿ ಮಾಡುತ್ತವೆ. ವಿಜಯಪುರ ಜಿಲ್ಲೆಯಲ್ಲಿ ಕಾಡು ನೂರಕ್ಕೆ ಒಂದು ಪಾಲೂ ಇಲ್ಲ. ಗಿಣಿಗಳು ನೆಚ್ಚಿಕೊಂಡಿರುವುದು ದಾರಿ ಬದಿಯ ಬೇವು, ಹುಣಸೆ, ಆಲದ ಮರಗಳನ್ನು ಮತ್ತು ಊರಿನ ಹಳೆಯ ಗುಮ್ಮಟ, ಕೋಟೆಗೋಡೆಗಳನ್ನು. ರಸ್ತೆ ಅಗಲವಾದಾಗ ಆ ಮರಗಳಲ್ಲಿ ಎಷ್ಟೋ ಹೋದವು. ಕೋಟಿ ವೃಕ್ಷ ಅಭಿಯಾನದಿಂದ ಜಿಲ್ಲೆಗೆ ಹಸಿರು ಬರುತ್ತಿರುವುದು ದೊಡ್ಡ ಮಾತು, ನನಗೆ ಅದರ ಬಗ್ಗೆ ತುಂಬ ಗೌರವ ಇದೆ. ಆದರೆ ಇವತ್ತು ನೆಟ್ಟ ಸಸಿಯಲ್ಲಿ ಪೊಟರೆ ಆಗಲು ಹಲವು ದಶಕ ಬೇಕು. ಅಲ್ಲಿಯ ತನಕ ಇರುವ ಪೊಟರೆಗಳೇ ಗತಿ.

ಮಾತಾಡುತ್ತದೆ ಅಲ್ವಾ?

ಗಿಣಿಯನ್ನು ಜನ ಮೆಚ್ಚುವುದು ಬಣ್ಣಕ್ಕಿಂತ ಜಾಸ್ತಿ ಅದರ ಮಾತಿಗೆ. "ಯಾರು ಬಂದ್ರು ನೋಡು" ಅಂತ ಗಿಣಿ ಕೂಗಿದರೆ ಮನೆಗೆ ಬಂದವರೆಲ್ಲ ನಗುತ್ತಾರೆ. ಗಿಣಿಗೆ ಇಲ್ಲಿ ಖುಷಿಯಾಗಿದೆ, ಅದಕ್ಕೇ ಮಾತಾಡುತ್ತದೆ ಅಂದುಕೊಳ್ಳುತ್ತೇವೆ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ.

ಆದರೆ ಗಿಣಿಗೆ ಧ್ವನಿ ಕಲಿಯುವ ಶಕ್ತಿ ಬಂದದ್ದು ನಮ್ಮನ್ನು ನಗಿಸಲಿಕ್ಕಲ್ಲ. ಅದು ಗುಂಪಿನಲ್ಲಿ ಬದುಕುವ ಹಕ್ಕಿ. ತನ್ನ ಜೊತೆಗಾರರ ಕೂಗು ಕಲಿತು ಅದೇ ಕೂಗಿನಿಂದ ಅವರನ್ನು ಕರೆಯುತ್ತದೆ, ಗುರುತು ಹಿಡಿಯುತ್ತದೆ. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಗಿಣಿ ಜಾತಿಯೊಂದಿದೆ. ಅದರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಹೊರಬಂತು. ಅಲ್ಲಿ ಪ್ರತಿ ಮರಿಗೂ ಅದರದೇ ಒಂದು ಕೂಗು ಇರುತ್ತದೆ, ನಮ್ಮ ಹೆಸರಿದ್ದ ಹಾಗೆ. ಇದು ಹುಟ್ಟಿನಿಂದ ಬರುತ್ತದೋ ಕಲಿಕೆಯಿಂದಲೋ ತಿಳಿಯಲು ಸಂಶೋಧಕರು ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದು ಗೂಡಿಗೆ ಇಟ್ಟರು. ಮರಿಗಳ ಕೂಗು ಹೆತ್ತವರದಕ್ಕಿಂತ ಸಾಕಿದವರ ಕೂಗನ್ನೇ ಹೋಲಿತು. ಅಂದರೆ ಪೊಟರೆಯ ಕತ್ತಲಲ್ಲಿ ತಾಯಿತಂದೆ ಮರಿಗಳಿಗೆ ಹೆಸರು ಕಲಿಸುತ್ತಿದ್ದವು.

ನಮ್ಮ ಗಿಣಿಯ ಮೇಲೆ ಅಂಥದೇ ಅಧ್ಯಯನ ನಡೆಯಲಿ ಬಿಡಲಿ, ಅದೂ ಗುಂಪಿನ ಹಕ್ಕಿಯೇ. ಸಂಜೆ ಹೊತ್ತು ಗೋಲಗುಮ್ಮಟದ ಅಂಗಳದಲ್ಲಿ ನಿಂತು ನೋಡಿ. ಸಾಲು ಸಾಲಾಗಿ ಬಂದು ಮರಕ್ಕೆ ಇಳಿಯುತ್ತವೆ. ಮಲಗುವ ಮುಂಚೆ ಅರ್ಧ ಗಂಟೆ ಒಂದೇ ಸಮ ಗದ್ದಲ. ಒಂಟಿ ಗಿಣಿ ಅಲ್ಲಿ ಕಾಣುವುದೇ ಅಪರೂಪ. ಅಂಥ ಹಕ್ಕಿಯನ್ನು ಮೂರು ವಾರದ ಮರಿ ಇದ್ದಾಗ ಎತ್ತಿ, ತನ್ನ ಜಾತಿಯ ಇನ್ನೊಂದು ಜೀವದ ಕೂಗೇ ಕೇಳಿಸದ ಮನೆಯಲ್ಲಿ ಇಟ್ಟರೆ ಅದು ಯಾರಿಂದ ಕಲಿಯಬೇಕು? ಕೇಳಿಸುವುದು ನಮ್ಮ ಮಾತು ಮಾತ್ರ. ಅದನ್ನೇ ಕಲಿಯುತ್ತದೆ. ಅದು ನಮ್ಮನ್ನು ತನ್ನ ಗುಂಪು ಅಂದುಕೊಂಡು ಕರೆಯುತ್ತಿದೆ. ನಾವು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೇವೆ, ಸಂಜೆ ಬರುತ್ತೇವೆ. ನಡುವಿನ ಹತ್ತು ಗಂಟೆ ಅದು ಯಾರನ್ನು ಕರೆಯುತ್ತದೆ? ತನ್ನ ಪುಕ್ಕ ತಾನೇ ಕಿತ್ತುಕೊಂಡು ಎದೆ ಬೋಳಾದ ಗಿಣಿಗಳನ್ನು ನೀವೂ ನೋಡಿರಬಹುದು. ಅದು ಯಾವಾಗಲೂ ಚರ್ಮದ ರೋಗವೇ ಆಗಿರುವುದಿಲ್ಲ. ಒಂಟಿತನಕ್ಕೂ ಬೇಸರಕ್ಕೂ ಗಿಣಿಗಳು ಹಾಗೆ ಮಾಡಿಕೊಳ್ಳುತ್ತವೆ.

ಆಹಾರದ ಬಗ್ಗೆ ಒಂದು ಮಾತು. ಗಿಣಿಗೆ ಮೆಣಸಿನಕಾಯಿ ಬಹಳ ಇಷ್ಟ ಅಂತ ಅದನ್ನೇ ಕೊಡುತ್ತೇವೆ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ಹತ್ತುವುದಿಲ್ಲ, ಆದ್ದರಿಂದ ಸುಮ್ನೆ ತಿನ್ನುತ್ತವೆ. ಅದರಿಂದ ತೊಂದರೆ ಏನಿಲ್ಲ. ಆದರೆ ದಿನಾ ಬರೀ ನೆನೆಸಿದ ಕಡಲೆ, ಸೂರ್ಯಕಾಂತಿ ಬೀಜ, ಚಪಾತಿ ತುಂಡು ತಿಂದರೆ ಎ ಜೀವಸತ್ವ ಕಡಿಮೆಯಾಗುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಹೊಲದಲ್ಲಿ ಒಂದು ದಿನಕ್ಕೆ ಹಲವು ಮೈಲಿ ಹಾರಿ ಹತ್ತಾರು ಬಗೆಯ ಹಣ್ಣು, ಮೊಗ್ಗು, ಕಾಳು ತಿನ್ನುವ ಹಕ್ಕಿ ಅದು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಒಂದೂವರೆ ಅಡಿ ಪಂಜರದಲ್ಲಿ ಇಪ್ಪತ್ತು ವರ್ಷ.

ಗಿಣಿಗಳೇನು ಕಡಿಮೆಯಾಗಿವೆಯಾ?

ಈ ಪ್ರಶ್ನೆಯನ್ನು ರೈತರು ಕೇಳುತ್ತಾರೆ, ಅದಕ್ಕೆ ನೇರವಾಗಿ ಉತ್ತರ ಕೊಡಬೇಕು. ಇಲ್ಲ, ಸಾದಾ ಗಿಣಿ ಅಳಿವಿನ ಅಂಚಿನಲ್ಲಿ ಇಲ್ಲ. ಹಿಂಗಾರಿ ಜೋಳ ಹಾಲು ತುಂಬುವ ಹೊತ್ತಿಗೆ ನಮ್ಮ ಹೊಲಗಳಿಗೆ ಬಂದು ನೋಡಿದರೆ ಗೊತ್ತಾಗುತ್ತದೆ. ಗುಂಪು ಇಳಿಯಿತು ಅಂದರೆ ತೆನೆ ಬೋಳು. ಸೂರ್ಯಕಾಂತಿಯ ಕಥೆಯೂ ಅಷ್ಟೇ. ತಿನ್ನುವುದಕ್ಕಿಂತ ಕೆಡವುವುದೇ ಜಾಸ್ತಿ. ದಾಳಿಂಬೆ, ಪೇರಲ, ದ್ರಾಕ್ಷಿ ಬೆಳೆದವರು ಬಲೆಗೆ ದುಡ್ಡು ಹಾಕಬೇಕು. ಬೆಳಗಿನ ಜಾವ ಕವಣೆ ಹಿಡಿದು ಹೊಲ ಕಾಯುವವರ ಕಷ್ಟವನ್ನು ಊರಲ್ಲಿ ಕೂತು ಬರೆಯುವ ನಾನು ಹಗುರ ಮಾಡಲಾರೆ. ನನ್ನ ಸೋದರಮಾವ ಹೇಳಿದ್ದು ಇದು. "ನನ್ನ ಬೆಳಿ ತಿನ್ನೂ ಹಕ್ಕಿ ಒಂದನ್ನ ಯಾರರೆ ಹಿಡಕೊಂಡು ಹೋದ್ರ ನನಗ ಯಾಕ ಬ್ಯಾಸರ ಆಗಬೇಕೋ?"

ನಾನು ಅವರಿಗೆ ಹೇಳಿದ್ದು ಇಷ್ಟೇ. ಮರಿ ಕದಿಯುವವನು ನಿಮ್ಮ ಹೊಲ ಉಳಿಸಲು ಬರುತ್ತಿಲ್ಲ. ತೆನೆ ಮೇಲೆ ಇಳಿಯುವ ಗುಂಪಿಗೆ ಅವನು ಕೈ ಹಚ್ಚುವುದಿಲ್ಲ. ಸುಗ್ಗಿ ಮುಗಿದ ಮೇಲೆ ಪೊಟರೆಗೆ ಹೋಗುತ್ತಾನೆ. ಗೂಡು ಕಳೆದುಕೊಂಡ ತಾಯಿತಂದೆ ಮುಂದಿನ ಹಂಗಾಮಿಗೂ ನಿಮ್ಮ ಹೊಲಕ್ಕೇ ಬರುತ್ತವೆ. ಬೆಳೆ ಕಾಯಲು ಮಿಂಚುವ ಟೇಪು, ಡಬ್ಬಿ ಸದ್ದು, ಕವಣೆ, ಬಲೆಯ ಹೊದಿಕೆ ಇವೆ. ಅಕ್ಕಪಕ್ಕದವರು ಒಂದೇ ಹೊತ್ತಿಗೆ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ. ಸರಕಾರ ಇದಕ್ಕೆ ನೆರವು ಕೊಡಬೇಕು ಅಂತ ಕೇಳುವುದು ನ್ಯಾಯ. ಮಾವ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುವವರು ಅವರೇ. ಭೂಮಿತಾಯಿ ಕೊಟ್ಟದ್ದರಲ್ಲಿ ಹಕ್ಕಿಪಕ್ಕಿಯ ಪಾಲೂ ಇದೆ ಅಂತ ನನಗೆ ಮೊದಲು ಹೇಳಿಕೊಟ್ಟವರೂ ಅವರೇ.

ಇನ್ನು ಸಂಖ್ಯೆಯ ಮಾತು. ಇವತ್ತು ಬಹಳ ಇವೆ ಅನ್ನುವುದು ನಾಳೆಗೆ ಖಾತ್ರಿಯಲ್ಲ. ಮಾತಿಗೆ ಹೆಸರಾದ ಆಫ್ರಿಕಾದ ಬೂದುಗಿಣಿಯೂ ಒಂದು ಕಾಲಕ್ಕೆ ಘಾನಾ ದೇಶದಲ್ಲಿ ಹೇರಳವಾಗಿತ್ತು. ಹಿಡಿದು ಮಾರಿದ್ದರಿಂದ, ಕಾಡು ಕಡಿದದ್ದರಿಂದ ಅಲ್ಲಿ 1992ರ ನಂತರ ನೂರಕ್ಕೆ 90ರಿಂದ 99ರಷ್ಟು ಕಡಿಮೆಯಾದವು ಅಂತ 2016ರಲ್ಲಿ ಸಂಶೋಧಕರು ಹೇಳಿದರು. ಅದೇ ವರ್ಷ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಕಾಡಿನ ಬೂದುಗಿಣಿಯ ವ್ಯಾಪಾರವನ್ನು ಪೂರ್ತಿ ನಿಲ್ಲಿಸಬೇಕಾಯಿತು. ನಮ್ಮಲ್ಲೂ ಸಂತೆಯವರು 'ಪಹಾಡಿ' ಅನ್ನುವ ದೊಡ್ಡ ಗಿಣಿ ಇದೆ, ಹೆಗಲ ಮೇಲೆ ಕೆಂಪು ಮಚ್ಚೆ ಇರುವುದು. ಅದು ಚೆನ್ನಾಗಿ ಮಾತು ಕಲಿಯುತ್ತದೆ ಅಂತ ಬೆಲೆ ಜಾಸ್ತಿ. ಅದು ಈಗಾಗಲೇ ಅಪಾಯದ ಹತ್ತಿರ ಬಂದಿರುವ ಜಾತಿಗಳ ಪಟ್ಟಿಯಲ್ಲಿದೆ. ಸಾದಾ ಗಿಣಿಯ ಹೆಗಲಿಗೆ ಬಣ್ಣ ಹಚ್ಚಿ ಪಹಾಡಿ ಅಂತ ಮಾರುವುದೂ ಉಂಟು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿಗೆ ಹೋದರೆ ಬೇರೆಯೇ ಗಿಣಿಗಳು ಸಿಗುತ್ತವೆ. ನೀಲಿ ರೆಕ್ಕೆಯವು, ಕೆಂದಲೆಯವು, ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿ ಮಲಗುವ ಅಂಗೈಯಗಲದವು. ನೀಲಿ ರೆಕ್ಕೆಯ ಗಿಣಿ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಆದರೂ ನನ್ನ ಮುಖ್ಯ ಮಾತು ಸಂಖ್ಯೆಯದಲ್ಲ. ನಾಳೆ ಯಾರೋ ಬಂದು ಗಿಣಿಗಳು ಎರಡು ಪಟ್ಟಾಗಿವೆ ಅಂತ ಸಾಬೀತು ಮಾಡಿದರೂ ಆ ಪೊಟರೆಯ ತಾಯಿ ನನ್ನ ಕೈ ಕಚ್ಚಿದ್ದು ಸುಳ್ಳಾಗುವುದಿಲ್ಲ. ಅದಕ್ಕೆ ತನ್ನ ಮರಿ ಬೇಕಾಗಿತ್ತು. ಜಾತಿ ಉಳಿಯುತ್ತದೋ ಇಲ್ಲವೋ ಅನ್ನುವುದು ನಮ್ಮ ಲೆಕ್ಕ. 2015ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ, ವ್ಯಾಪಾರಕ್ಕಾಗಿ ಅವನ್ನು ಪಂಜರದಲ್ಲಿ ಇಡುವ ಹಕ್ಕು ಮನುಷ್ಯರಿಗಿಲ್ಲ ಅನ್ನುವ ಅರ್ಥದ ಮಾತು ಹೇಳಿತು. ಗುಜರಾತ್ ಹೈಕೋರ್ಟ್ ಕೂಡ ಅದಕ್ಕೂ ಮೊದಲು 2011ರಲ್ಲಿ ಹಾಗೇ ಹೇಳಿತ್ತು. ಎರಡೂ ಕಡೆ ನ್ಯಾಯಾಲಯ ನೋಡಿದ್ದು ಆ ಪಂಜರದಲ್ಲಿದ್ದ ಹಕ್ಕಿಯನ್ನು.

ತಪ್ಪು ಯಾರ ತಲೆಗೆ?

ಕೇಸು ಬೀಳುವುದು ಸಾಮಾನ್ಯವಾಗಿ ಬುಟ್ಟಿ ಹೊತ್ತು ಬಂದವನ ಮೇಲೆ. ಅವನ ಫೋಟೋ ಪೇಪರಿನಲ್ಲಿ ಬರುತ್ತದೆ. ಕೊಂಡವರ ಹೆಸರು ಎಲ್ಲೂ ಇರುವುದಿಲ್ಲ. ಇದರಲ್ಲಿ ಒಂದು ಅನ್ಯಾಯ ಇದೆ, ಅದನ್ನು ಹೇಳದೆ ಈ ವಿಷಯ ಬರೆಯುವುದು ಸರಿಯಲ್ಲ.

ನಮ್ಮ ಕಡೆ ಹರಣಶಿಕಾರಿ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಬೇಟೆಯಿಂದಲೇ ಹೊಟ್ಟೆ ಹೊರೆದವು. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಇಂಥ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕರೆಯಿತು. ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ವಿಜಯಪುರದಲ್ಲೂ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಅವರನ್ನು ಕೂಡಿಹಾಕಲು ಸೆಟ್ಲಮೆಂಟುಗಳಿದ್ದವು. ಹಾಜರಿ ಕೊಡಬೇಕು, ಪಾಸಿಲ್ಲದೆ ಹೊರಗೆ ಹೋಗುವಂತಿಲ್ಲ. 1952ರಲ್ಲಿ ಆ ಕಾಯ್ದೆ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ಇಪ್ಪತ್ತು ವರ್ಷದ ಮೇಲೆ ಬಂದ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಅದು ಬೇಕಾಗಿತ್ತು. ಆದರೆ ಬೇಟೆ ಬಿಟ್ಟವರಿಗೆ ತುಂಡು ಭೂಮಿ, ಕೆಲಸ, ಶಾಲೆ ಅದೇ ವೇಗದಲ್ಲಿ ಬರಲಿಲ್ಲ. ಇವತ್ತು ಆ ಸಮುದಾಯದ ಬಹಳ ಜನ ಕೂಲಿಗೆ, ಸಣ್ಣ ವ್ಯಾಪಾರಕ್ಕೆ ಹೋಗಿ ದುಡಿಯುತ್ತಾರೆ. ಗಿಣಿ ಹಿಡಿಯುವವರೆಲ್ಲ ಆ ಸಮುದಾಯದವರೂ ಅಲ್ಲ. ನಮ್ಮ ಕಾಕಾ ಮತ್ತು ನಾನು ಅಲ್ಲಿದ್ದೆವಲ್ಲ. ಆದರೆ ಗಿಣಿ ಸಿಕ್ಕಿತು ಅಂದ ಕೂಡಲೇ ಅನುಮಾನ ಮೊದಲು ಹೋಗುವುದು ಅವರ ಕಡೆಗೇ.

ಹಿಡಿದವನಿಗೆ ಸಿಗುವ ಪಾಲು ಸಣ್ಣದು. ಅವನಿಂದ ದಲ್ಲಾಳಿ, ದಲ್ಲಾಳಿಯಿಂದ ಅಂಗಡಿ, ಈಗೀಗ ವಾಟ್ಸ್ಆ್ಯಪ್ ಗುಂಪು, ಅಲ್ಲಿಂದ ಮನೆ. ಪ್ರತಿ ಕೈಗೂ ಬೆಲೆ ಏರುತ್ತದೆ. ಈ ಸರಪಣಿ ಶುರುವಾಗುವುದು ಕಾಡಿನಿಂದ ಅಂತ ಅನ್ನಿಸುತ್ತದೆ. ನಿಜಕ್ಕೂ ಶುರುವಾಗುವುದು ಪಡಸಾಲೆಯಿಂದ. ಯಾರೋ ಒಬ್ಬರು "ಒಂದು ಮಾತಾಡೂ ಗಿಣಿ ಸಿಗ್ತದೇನು?" ಅಂತ ಕೇಳುತ್ತಾರೆ. ಆ ಮಾತು ಕೈಯಿಂದ ಕೈಗೆ ಹೋಗಿ ಕೊನೆಗೆ ಪೊಟರೆಯ ಒಳಗೆ ಹೋಗುತ್ತದೆ. ಕೊಳ್ಳುವವರು ಮರ ಹತ್ತುವುದಿಲ್ಲ, ಆದರೆ ಹತ್ತಿಸುವವರು ಅವರೇ. "ಪಾಪ, ಬುಟ್ಟಿಯೊಳಗ ಒದ್ದಾಡಾಕತ್ತಿತ್ತು, ಅದಕ್ಕ ತೊಗೊಂಡೆ" ಅನ್ನುವವರ ಮನಸ್ಸು ಮೆದು, ನಾನು ಒಪ್ಪುತ್ತೇನೆ. ಆದರೆ ಅವರು ಕೊಟ್ಟ ದುಡ್ಡಿನಿಂದ ಮುಂದಿನ ವಾರ ಆ ಬುಟ್ಟಿ ಮತ್ತೆ ತುಂಬುತ್ತದೆ. ಅಂಥ ಹೊತ್ತಿನಲ್ಲಿ ದುಡ್ಡು ತೆಗೆಯುವುದಕ್ಕಿಂತ ಫೋನ್ ತೆಗೆಯುವುದು ಆ ಗಿಣಿಗೂ ಮುಂದಿನ ಗಿಣಿಗೂ ಒಳ್ಳೆಯದು. ರಾಜ್ಯದ ಅರಣ್ಯ ಸಹಾಯವಾಣಿ 1926.

ಕೊಳ್ಳುವವರು ನಿಂತರೆ ಹಿಡಿಯುವುದು ನಿಲ್ಲುತ್ತದಾ? ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಯುರೋಪಿನ ದೇಶಗಳು ಒಂದು ಕಾಲಕ್ಕೆ ಜಗತ್ತಿನ ಕಾಡುಹಕ್ಕಿಗಳನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುತ್ತಿದ್ದವು. ಹಕ್ಕಿಜ್ವರದ ಭಯಕ್ಕೆ 2005ರಲ್ಲಿ ತರಿಸುವುದನ್ನು ನಿಲ್ಲಿಸಿದವು, 2007ರಲ್ಲಿ ಅದನ್ನೇ ಕಾಯಂ ಮಾಡಿದವು. ಜಗತ್ತಿನ ಕಾಡುಹಕ್ಕಿಗಳ ಕಾನೂನುಬದ್ಧ ವ್ಯಾಪಾರ ವರ್ಷಕ್ಕೆ ಸುಮಾರು 13 ಲಕ್ಷ ಇದ್ದದ್ದು ಸುಮಾರು 1.3 ಲಕ್ಷಕ್ಕೆ ಇಳಿಯಿತು. ಕಳ್ಳದಾರಿ ಪೂರ್ತಿ ಮುಚ್ಚಲಿಲ್ಲ. ಆದರೂ ಕೊಳ್ಳುವ ಬಾಗಿಲು ಹಾಕಿದ್ದಕ್ಕೇ ಇಷ್ಟಾಯಿತು. ನಮ್ಮಲ್ಲಿ ಕಾಯ್ದೆಯಲ್ಲಿ ಬಾಗಿಲು ಹಾಕಿದೆ, ಮನೆಗಳಲ್ಲಿ ತೆರೆದಿದೆ.

ಗಿಣಿಶಾಸ್ತ್ರ ಹೇಳುವವರ ವಿಷಯವೂ ಬೇರೆಯಲ್ಲ. ರೆಕ್ಕೆ ಕತ್ತರಿಸಿದ ಆ ಗಿಣಿಗೂ ಅದೇ ಕಾಯ್ದೆ, ಅದೇ ಪೊಟರೆ. ಬದಲಿಗೆ ಏನು ಸಾಕಬಹುದು ಅಂತ ಕೇಳುವವರಿಗೆ, ಅಂಗಡಿಯಲ್ಲಿ ನಾವು ಲವ್ ಬರ್ಡ್ಸ್ ಅನ್ನುವ ಬಣ್ಣಬಣ್ಣದ ಸಣ್ಣ ಹಕ್ಕಿಗಳು ಆಸ್ಟ್ರೇಲಿಯಾ ಮೂಲದವು, ಪಂಜರದಲ್ಲೇ ಹುಟ್ಟಿದವು, ಅವಕ್ಕೆ ಕಾನೂನಿನ ತಡೆ ಇಲ್ಲ. ಹಾಗಂತ ಅವಕ್ಕೆ ಹಾರುವ ಆಸೆ ಇಲ್ಲ ಅಂತ ನಾನು ಹೇಳಲಾರೆ. ದೊಡ್ಡ ವಿದೇಶಿ ಗಿಣಿಗಳಲ್ಲಿ ಹೆಚ್ಚಿನವನ್ನು 2024ರ ನಿಯಮಗಳ ಪ್ರಕಾರ ಸರಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಈಗಾಗಲೇ ಮನೆಯಲ್ಲಿರುವ ಗಿಣಿಯನ್ನು ಏನು ಮಾಡುವುದು? ಈ ವಿಷಯ ಕೇಳಿ ಮನಸ್ಸು ಕರಗಿ ಕೆಲವರು ಪಂಜರದ ಬಾಗಿಲು ತೆರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ಹಾರದ ಗಿಣಿಯ ರೆಕ್ಕೆಯಲ್ಲಿ ಬಲ ಇರುವುದಿಲ್ಲ. ಅದಕ್ಕೆ ಗಿಡುಗ ಅಂದರೆ ಏನು ಗೊತ್ತಿಲ್ಲ, ಕಾಳು ಎಲ್ಲಿ ಸಿಗುತ್ತದೆ ಗೊತ್ತಿಲ್ಲ. ಮನುಷ್ಯರನ್ನು ಕಂಡರೆ ಹತ್ತಿರ ಹೋಗುತ್ತದೆ. ಒಂದೇ ದಿನದಲ್ಲಿ ಕಾಗೆಗಳ ಬಾಯಿಗೆ ಬೀಳಬಹುದು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಅಲ್ಲಿಂದ ಅದು ದೊಡ್ಡ ಬಲೆಮನೆಯಲ್ಲಿ ಬೇರೆ ಗಿಣಿಗಳ ಜೊತೆ ಇದ್ದು, ಹಾರುವುದು ಕಲಿತು, ಬಿಡಲು ತಕ್ಕದ್ದಾದರೆ ಮಾತ್ರ ಬಿಡಬೇಕು. ಎಲ್ಲ ಗಿಣಿಗಳೂ ತಕ್ಕವಾಗುವುದಿಲ್ಲ. ಆಗ ಉಳಿದ ಬದುಕನ್ನು ತನ್ನ ಜಾತಿಯವರ ನಡುವೆ ಕಳೆಯುತ್ತದೆ. ಹಾಗೆ ಬಲೆಮನೆಯಲ್ಲಿ ಹತ್ತಾರು ಗಿಣಿಗಳನ್ನು ನೋಡಿಕೊಳ್ಳುವ ಜಾಗ ನಮ್ಮ ಕಡೆಯ ಪ್ರತಿ ಜಿಲ್ಲೆಯಲ್ಲೂ ಇರಬೇಕು, ಗಿಣಿ ಒಪ್ಪಿಸಲು ತಾವಾಗಿ ಬಂದವರಿಗೆ ಕೇಸಿನ ಭಯ ಇರಬಾರದು. ಭಯ ಇದ್ದಷ್ಟು ಕಾಲ ಪಂಜರ ಒಳಕೋಣೆಗೆ ಹೋಗುತ್ತದೆ, ಗಿಣಿಗೆ ಇದ್ದ ಬೆಳಕೂ ಹೋಗುತ್ತದೆ.

ನಮ್ಮ ಓಣಿಯ ಆ ಹಿರಿಯರ ಮನೆಗೆ ಎರಡು ತಿಂಗಳ ಹಿಂದೆ ಹೋಗಿದ್ದೆ. ಇದನ್ನೆಲ್ಲ ಹೇಳಿದೆ, ನನ್ನ ಕೈಯ ಕಲೆಯನ್ನೂ ತೋರಿಸಿದೆ. ಅವರು ಸುಮ್ಮನೆ ಕೇಳಿದರು. ಅವರ ಹೆಂಡತಿ, ನಾನು ಅಕ್ಕಾ ಅಂತಲೇ ಕರೆಯುವವರು, ಚಹಾ ತಂದಿಟ್ಟು ಅಲ್ಲೇ ನಿಂತರು. "ಹನ್ನೆರಡು ವರ್ಷ ಆತಪಾ ಇದು ಬಂದು. ಕೊಟ್ಟ ಮ್ಯಾಲೆ ನೋಡಾಕ ಬಿಡ್ತಾರೇನು?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. 1926 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಟ್ಟು ಬಂದೆ.

ಪಂಜರ ಇನ್ನೂ ಅಲ್ಲೇ ಇದೆ. ಸಂಜೆ ಆ ಕಡೆಯಿಂದ ಬರುವಾಗ ಮೇಲೆ ಗುಂಪು ಗುಮ್ಮಟದ ಕಡೆ ಹಾರಿಹೋಗುತ್ತಿರುತ್ತದೆ. ಅವು ಕೂಗಿದ ಕೂಡಲೇ ಒಳಗಿನಿಂದ ಇದೂ ಕೂಗುತ್ತದೆ. ಆಗ ಅದರದು ಮನುಷ್ಯರ ಮಾತಲ್ಲ. ಈ ವಾರ ಹೋಗಿ ಅಕ್ಕನನ್ನು ಮತ್ತೊಮ್ಮೆ ಕೇಳಬೇಕು.